ಬಯಲುಸೀಮೆಯ ಮನೆಗೆ ಬಯಲುಸೀಮೆಯದೇ ಗಿಡಗಳು

ಕೈತೋಟಕ್ಕೆ ದೇಸಿ ಗಿಡಗಳನ್ನೇ ಹಾಕಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ, ಅದು ಸಂತೋಷದ ಸಂಗತಿ. ಆದರೆ ದೇಸಿ ಎಂದರೆ ಎಲ್ಲಿಯದು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ತುಮಕೂರಿನಲ್ಲಿ ವಾಸಿಸುವ ನನಗೆ ಆಗುಂಬೆಯ ಕಾಡಿನ ಗಿಡ ರಾಜ್ಯದ ಲೆಕ್ಕದಲ್ಲಿ ನಮ್ಮದೇ ಆದರೂ ಮಳೆಯ ಲೆಕ್ಕದಲ್ಲಿ ಪರದೇಶದ್ದೇ ಸರಿ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ನಮ್ಮ ಜಿಲ್ಲೆಯ ಬಹುಭಾಗದಲ್ಲಿ ಬೀಳುವುದು 600–700ರ ಆಸುಪಾಸು. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿದ್ದು ಮುಗಿಯುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶ ಹೆಚ್ಚುಕಡಿಮೆ ಬರಿದು. ಈ ನಾಲ್ಕು ತಿಂಗಳನ್ನು ನಮ್ಮ ನೆರವಿಲ್ಲದೆ ದಾಟಬಲ್ಲ ಗಿಡವೇ ನಮ್ಮ ಮಟ್ಟಿಗೆ ಆರೈಕೆ ಬೇಡದ ಗಿಡ.

ಕೇಪಳದ ಉದಾಹರಣೆ ನೋಡಿ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಯಾರ ಹಂಗೂ ಇಲ್ಲದೆ ಕೆಂಪಗೆ ಅರಳಿ ನಿಲ್ಲುವ ಆ ಪೊದೆಯನ್ನು ನಮ್ಮ ಕಡೆ ತಂದು ನೆಟ್ಟು, ಸುಣ್ಣದಂಶ ಹೆಚ್ಚಿರುವ ಕೊಳವೆಬಾವಿಯ ನೀರು ಹಾಯಿಸಿದರೆ ಎಲೆಗಳು ಹಳದಿಗಟ್ಟುತ್ತವೆ. ಹುಳಿ ಮಣ್ಣಿಗೆ ಒಗ್ಗಿದ ಬೇರು ಅಂತಹ ನೀರಿನಲ್ಲಿ ಕಬ್ಬಿಣದಂಶವನ್ನು ಸರಿಯಾಗಿ ಹೀರಿಕೊಳ್ಳಲಾರದು. ಹೀಗಾಗಿ ಗಿಡ ಆರಿಸುವ ಮೊದಲು ನರ್ಸರಿಗೆ ಹೋಗುವುದಕ್ಕಿಂತ ಊರಾಚೆಯ ಗುಡ್ಡಕ್ಕೆ ಹೋಗುವುದು ಲೇಸೆಂದು ನಾನು ನಂಬಿದ್ದೇನೆ. ಏಪ್ರಿಲ್ ತಿಂಗಳಿನಲ್ಲಿ ದೇವರಾಯನದುರ್ಗದ ಇಳಿಜಾರಿನ ರಸ್ತೆಯಲ್ಲಿ ನಡೆಯುತ್ತಾ ಹೋದರೆ, ಯಾರೂ ನೀರೆರೆಯದ ಆ ಕಲ್ಲುಮಣ್ಣಿನಲ್ಲಿ ಯಾವ ಗಿಡ ಹಸಿರಾಗಿದೆ, ಯಾವುದು ಎಲೆ ಉದುರಿಸಿ ಸುಮ್ಮನೆ ಕಾಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಮ್ಮ ಮನೆಯಂಗಳದ ಗಿಡಗಳ ಪಟ್ಟಿ ಸಿದ್ಧವಾದದ್ದು ಹಾಗೆಯೇ.

ಆ ಪಟ್ಟಿಯಲ್ಲಿ ಮೊದಲನೆಯದು ತಂಗಡಿ. ಆವರಿಕೆ ಎಂದೂ ಕರೆಯುವ ಈ ಪೊದೆ ಆಳೆತ್ತರಕ್ಕೆ ಬೆಳೆದು ವರ್ಷದ ಬಹುಕಾಲ ಬಂಗಾರದ ಬಣ್ಣದ ಹೂ ಹೊತ್ತಿರುತ್ತದೆ. ಹಿಂದೆ ಚರ್ಮ ಹದಮಾಡಲು ಇದರ ತೊಗಟೆಯನ್ನು ಗಾಡಿಗಟ್ಟಲೆ ಒಯ್ಯುತ್ತಿದ್ದರು. ನೆರೆಯ ತೆಲಂಗಾಣದಲ್ಲಿ ಇದು ಈಗ ರಾಜ್ಯಪುಷ್ಪ. ನಮ್ಮಲ್ಲಿ ಮಾತ್ರ ರಸ್ತೆಬದಿಯ ಕಳೆಯೆಂದು ಕಡಿದುಹಾಕುತ್ತಾರೆ, ಅದು ನನಗೆ ನಿಜವಾಗಿ ನೋವುಂಟುಮಾಡುವ ವಿಷಯ. ತಂಗಡಿಯ ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಬೀಜವನ್ನೇ ನೇರವಾಗಿ ಮಣ್ಣಿಗೆ ಹಾಕುವುದು ಉತ್ತಮ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಬ್ಬಿದವುಗಳನ್ನು ಆರಿಸಿ ಬಿತ್ತಬೇಕು. ಗೊಬ್ಬರ ಹಾಕುವ ಅಗತ್ಯವೇ ಇಲ್ಲ. ಮಣ್ಣು ತೀರಾ ಸಾರವಾದರೆ ಸೊಪ್ಪು ಹೆಚ್ಚಾಗಿ ಹೂ ಕಡಿಮೆಯಾಗುತ್ತದೆ.

ಬೇಲಿಗೆ ಒಳ್ಳೆಯದು ‘ಬಂದರೆ’ ಎಂಬ ಹೆಸರಿನ ಗಿಡ. ಅದರ ಎಲೆ ಮುಟ್ಟಿದರೆ ಸ್ವಲ್ಪ ಅಂಟಂಟು. ಆ ಅಂಟಿನ ಲೇಪವೂ ಎಲೆಯ ನೀರು ಆವಿಯಾಗದಂತೆ ಕಾಪಾಡಲು ನೆರವಾಗುತ್ತದೆ. ಬಲಿಯುತ್ತಾ ಕೆಂಪಿಗೆ ತಿರುಗುವ, ರೆಕ್ಕೆಗಳುಳ್ಳ ಕಾಗದದಂತಹ ಅದರ ಕಾಯಿಗೊಂಚಲು ಹೂವಿಗಿಂತ ಚೆಂದ. ನಗರದ ಬಡಾವಣೆಗಳಲ್ಲಿ ಬೇಲಿಗೆಂದು ಹಾಕುವ ಡುರಾಂಟವನ್ನು ತಿಂಗಳು ತಿಂಗಳು ಕತ್ತರಿಸಬೇಕು. ಬಂದರೆಯನ್ನು ಮಳೆಗಾಲ ಮುಗಿದ ಮೇಲೊಮ್ಮೆ ಸವರಿದರೆ ಸಾಕು. ಬೀದಿಯ ದನಗಳ ಕಾಟವಿರುವಲ್ಲಿ ಆಡುಸೋಗೆಯನ್ನು ಸಾಲಾಗಿ ನೆಡಬಹುದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಇದರ ಮುಂದೆ ಸೋಲುತ್ತದೆ, ದನವೂ ಅದಕ್ಕೆ ಬಾಯಿ ಹಾಕುವುದಿಲ್ಲ. ಬಲಿತ ಕಡ್ಡಿಯನ್ನು ಮುರಿದು ಮಳೆಗಾಲದಲ್ಲಿ ಊರಿದರೆ ಚಿಗುರುತ್ತದೆ. ಲಕ್ಕಿ ಗಿಡವೂ ಅಷ್ಟೇ ಸುಲಭ. ಮೈಕೈ ನೋವಿಗೆ ಸ್ನಾನದ ನೀರಿಗೆ ಹಾಕಲು, ಕಾಳಿನ ಡಬ್ಬದಲ್ಲಿ ಹುಳ ಬೀಳದಂತೆ ಒಣಸೊಪ್ಪು ಇಡಲು ನಮ್ಮ ತಾಯಿಗೆ ಅದು ಬೇಕೇ ಬೇಕು.

ತುಂಬೆಯನ್ನು ಯಾರೂ ನೆಡಬೇಕಾಗಿಲ್ಲ. ಒಂದು ಮೂಲೆಯನ್ನು ಕೆರೆಯದೆ ಬಿಟ್ಟರೆ ಮಳೆ ಬಿದ್ದೊಡನೆ ತಾನೇ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಮುಂದಿನ ವರ್ಷದ ವ್ಯವಸ್ಥೆಯೂ ಅದರದ್ದೇ. ಬಿಸಿಲೇರುವ ಹೊತ್ತಿಗೆ ಅದರ ಮೇಲೆ ಜೇನುನೊಣಗಳ ಸಂದಣಿ. ಹೆಂಗಳೆಯರ ಮುಡಿಯ ಕನಕಾಂಬರವೂ ದಕ್ಷಿಣ ಭಾರತದ್ದೇ ಗಿಡ, ಅರೆನೆರಳಿನಲ್ಲಿ ಚೆನ್ನಾಗಿ ಬರುತ್ತದೆ. ಮುಳ್ಳುಗೋರಂಟೆ ಕಾಂಪೌಂಡಿನ ಬುಡಕ್ಕೆ ಸರಿಹೊಂದುತ್ತದೆ.

ಕರಿಬೇವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದನ್ನು ಒಗ್ಗರಣೆಗೆಂದು ಬೆಳೆಸುವವರು ಎಲೆ ತಿನ್ನುವ ಹುಳ ಕಂಡೊಡನೆ ಔಷಧಿ ಸಿಂಪಡಿಸುತ್ತಾರೆ. ದಯವಿಟ್ಟು ಒಮ್ಮೆ ಬಗ್ಗಿ ನೋಡಿ. ಮೊದಲ ದಿನಗಳಲ್ಲಿ ಆ ಹುಳ ಕಂದುಬಿಳಿಯಾಗಿ, ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ಇರುತ್ತದೆ. ಹಕ್ಕಿಗಳು ಮೋಸಹೋಗಲೆಂದೇ ಆ ವೇಷ. ಕೊನೆಯ ಪೊರೆ ಕಳಚಿದ ಮೇಲೆ ಹಸಿರು ಬಣ್ಣ ತಳೆದು ಎಲೆಯೊಳಗೆ ಎಲೆಯಾಗುತ್ತದೆ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೋಡೊಂದು ಹೊರಚಾಚಿ ಕಟುವಾದ ವಾಸನೆ ಹರಡಿ, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಕಾಮನ್ ಮಾರ್ಮನ್ ಎಂಬ ದೊಡ್ಡ ಕಪ್ಪು ಚಿಟ್ಟೆಯ ಮರಿ ಅದು. ತುಸು ಬೆಳೆದ ಕರಿಬೇವಿಗೆ ನಾಲ್ಕಾರು ಹುಳಗಳಿಂದ ಏನೂ ಆಗುವುದಿಲ್ಲ, ಮಳೆ ಬಂದರೆ ಮತ್ತೆ ಚಿಗುರುತ್ತದೆ. ಹೀಗೆಯೇ ಎಕ್ಕದ ಮೇಲೆ ಪ್ಲೇನ್ ಟೈಗರ್, ಈಶ್ವರಿ ಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಕ್ಕದ ಹಾಲು ಕಣ್ಣಿಗೆ ಅಪಾಯವೆಂಬುದನ್ನೂ, ಈಶ್ವರಿ ಬಳ್ಳಿಯನ್ನು ಔಷಧಿಯೆಂದು ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದೆಂಬುದನ್ನೂ ಮರೆಯಬಾರದು.

ನೀರಿಲ್ಲದೆ ಬೆಳೆಯುವ ಗಿಡವೆಲ್ಲ ಒಳ್ಳೆಯದೆಂದು ತಿಳಿಯುವುದೂ ಸರಿಯಲ್ಲ. ಅಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಬಂದ ಲಂಟಾನ ನಮ್ಮ ಕುರುಚಲು ಕಾಡುಗಳನ್ನು ಹೇಗೆ ಮುಚ್ಚಿದೆ ಎಂಬುದನ್ನು ನೋಡಿದವರು ಅದನ್ನು ಮತ್ತೆ ಅಂಗಳಕ್ಕೆ ತರಲಾರರು.

ಇನ್ನು ಹುಲ್ಲುಹಾಸು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತು. ಬೇಸಿಗೆಯಲ್ಲಿ ನೀರು ಬೇಡುವ ಹುಲ್ಲನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಗರಿಕೆ ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಬೇರು ಸಾಯುವುದಿಲ್ಲ, ಒಂದು ಹದಮಳೆಗೆ ಹಸಿರಾಗುತ್ತದೆ. ಆ ಕಂದುಬಣ್ಣವನ್ನು ಒಪ್ಪಿಕೊಳ್ಳುವ ಮನಸ್ಸು ಮಾತ್ರ ಮನೆಯವರಿಗೆ ಬೇಕು.

ದೇಸಿ ಗಿಡಕ್ಕೂ ಮೊದಲ ವರ್ಷ ಆರೈಕೆ ಬೇಕೇ ಬೇಕು, ಈ ಮಾತನ್ನು ಮುಚ್ಚಿಡಬಾರದು. ನಮ್ಮ ಭಾಗದಲ್ಲಿ ಜುಲೈ ಕೊನೆ, ಆಗಸ್ಟ್ ಮೊದಲ ವಾರ ನೆಟ್ಟರೆ ಹಿಂಗಾರಿನ ಹೊತ್ತಿಗೆ ಬೇರು ಹಿಡಿದು, ದೊಡ್ಡ ಮಳೆಯ ನೀರನ್ನು ಬಳಸಿಕೊಳ್ಳುತ್ತವೆ. ಮೊದಲ ಬೇಸಿಗೆಯಲ್ಲಿ ದಿನವೂ ಚಿಮುಕಿಸದೆ ವಾರಕ್ಕೊಮ್ಮೆ ಬುಡ ತೋಯುವಷ್ಟು ನೀರು ಕೊಡಬೇಕು, ಆಗ ಬೇರು ನೀರನ್ನರಸಿ ಕೆಳಗಿಳಿಯುತ್ತದೆ. ಗುಡಿಸಿದ ತರಗೆಲೆಯನ್ನು ಸುಡದೆ ಬುಡಕ್ಕೆ ಗೇಣುದ್ದ ಹರಡಿ, ಕಾಂಡಕ್ಕೆ ತಾಗದಂತೆ ಬಿಡಬೇಕು. ಎರಡನೆಯ ಬೇಸಿಗೆಗೆ ನೀರನ್ನು ಅರ್ಧಕ್ಕಿಳಿಸಿ, ಮೂರನೆಯದಕ್ಕೆ ನಿಲ್ಲಿಸಬಹುದು.

ಸಸಿಗಳು ಸಿಗುವುದೇ ಕಷ್ಟ. ಖಾಸಗಿ ನರ್ಸರಿಗಳಲ್ಲಿ ಕ್ರೋಟನ್, ಕಾಗದದ ಹೂ ಸಿಕ್ಕಷ್ಟು ಸುಲಭವಾಗಿ ತಂಗಡಿ ಸಿಗದು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕಡಿಮೆ ಬೆಲೆಗೆ ಹೊಂಗೆ, ನೆಲ್ಲಿ, ಕಕ್ಕೆಯಂತಹ ಮರಗಳ ಸಸಿ ದೊರೆಯುತ್ತವೆ, ಆದರೆ 30×40 ನಿವೇಶನದಲ್ಲಿ ಹೊಂಗೆಗೆ ಜಾಗವಿಲ್ಲ. ಒಂದು ಪಾರಿಜಾತವೇ ಸಾಕು. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ, ಕಾಡಿಗೂ ನಷ್ಟ. ರಸ್ತೆಬದಿಯಲ್ಲಿ, ಪರಿಚಿತರ ಹೊಲದ ಬದುವಿನಲ್ಲಿ ಒಣಗಿ ನಿಂತ ತಂಗಡಿ, ಬಂದರೆಯ ಕಾಯಿಗಳನ್ನು ಒಂದು ಹಿಡಿಯಷ್ಟು ಬಿಡಿಸಿ ತಂದು, ನೆರಳಿನಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿ ಊರು, ತಿಂಗಳು ಬರೆದಿಟ್ಟರೆ ಮುಂದಿನ ಮಳೆಗೆ ನಮಗೂ ಆಗುತ್ತದೆ, ಕೇಳಿದವರಿಗೂ ಕೊಡಬಹುದು.