ಕಕ್ಕಡದ ಮಳೆಯಲ್ಲಿ ಬಿಳಿಚಿದ ಅಂಬಾಸಿಡರ್

ನಾನು ಕೊಂಡು ತಂದ ಅಂಬಾಸಿಡರಿನ 1:43 ಅಳತೆಯ, ಅಂದರೆ ನಿಜವಾದ ಕಾರಿನ ನಲವತ್ತಮೂರನೇ ಒಂದು ಭಾಗದಷ್ಟಿರುವ, ಲೋಹದ ಮಾದರಿಗೆ ಸರ್ಕಾರಿ ಕಾರುಗಳ ಬಿಳಿ ಬಣ್ಣವಿತ್ತು; ಮಡಿಕೇರಿಯ ನಮ್ಮ ಮನೆಯಲ್ಲಿ ಬಹುಕಾಲ ಇದ್ದ ಅಜ್ಜನ ಕಾರು ಕಪ್ಪು. ಹತ್ತು ಸೆಂಟಿಮೀಟರ್ ಉದ್ದದ ಆ ಮಾದರಿಯನ್ನು ಅಜ್ಜನ ಕಾರಾಗಿಸಬೇಕೆಂದು ಕೊಡಗಿನ ಮಳೆಗಾಲದ ಕಕ್ಕಡ ಮಾಸದ ಒಂದು ಭಾನುವಾರ ಕುಳಿತೆ. ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ತೋಟಕ್ಕೆ ಹೋಗುವಂತಿರಲಿಲ್ಲ. ಇಂಥ ಕೆಲಸಕ್ಕೆ ಇದೇ ಒಳ್ಳೆಯ ದಿನ ಎಂದುಕೊಂಡದ್ದೇ ತಪ್ಪಾಯಿತು.

ತಳದ ರಿವೆಟ್‌ಗಳ ತಲೆಯನ್ನು ಸಣ್ಣ ಡ್ರಿಲ್‌ನಿಂದ ಕೊರೆದು ಬಾಡಿಯನ್ನು ಬೇರ್ಪಡಿಸಿದೆ. ಪೇಂಟ್ ರಿಮೂವರ್ ಹಚ್ಚಿದಾಗ ಬಿಳಿ ಬಣ್ಣ ಸುಕ್ಕುಗಟ್ಟಿ ಸಿಪ್ಪೆಯಂತೆ ಎದ್ದು, ಅಡಿಯ ಬೂದು ಬಣ್ಣದ ಸತುವಿನ ಮಿಶ್ರಲೋಹ ಕಾಣಿಸಿತು. ಅಚ್ಚಿನ ಗೆರೆಗಳನ್ನು ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್ ಕೊಟ್ಟೆ. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಬಣ್ಣ ಬಿದ್ದರೂ ಅದು ನಿಜವಾದ ಕಾರಿನ ಮೇಲೆ ನಾಲ್ಕು ಮಿಲಿಮೀಟರಿಗೂ ಮಿಗಿಲಾದ ಗಾರೆ ಬಳಿದುದಕ್ಕೆ ಸಮ. ಬಾಗಿಲ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಕಪ್ಪು ಲ್ಯಾಕರನ್ನು ತೀರಾ ತೆಳುವಾಗಿ ಮೂರು ಬಾರಿ ಸಿಂಪಡಿಸಿದೆ. ಮೂರನೆಯದು ಆರುತ್ತಿದ್ದಂತೆ ಬಾನೆಟ್ಟಿನ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿಯ ಮಬ್ಬು ಹರಡಿತು.

ಬಣ್ಣದ ಡಬ್ಬಿಯನ್ನು ಬೈದೆ. ತಪ್ಪು ಡಬ್ಬಿಯದಾಗಿರಲಿಲ್ಲ. ದ್ರಾವಕ ಬೇಗ ಆವಿಯಾಗುವಾಗ ಬಣ್ಣದ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ, ಅದು ಹಾಗೆ ತಣಿದ ಮೈಯ ಮೇಲೆ ಇಬ್ಬನಿಯಂತೆ ಕೂತು ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

“ಒಲೆಯ ಹತ್ತಿರ ಇಡಬಾರದೇನೋ?” ಎಂದರು ಅವ್ವ. ಬಟ್ಟೆಗಾದರೆ ಸರಿ, ಹಸಿ ಲ್ಯಾಕರಿಗೆ ಬೆಂಕಿಯ ಸಮೀಪ ಜಾಗವಿಲ್ಲ. ಅದು ಪೂರ್ತಿ ಒಣಗಿದ ಮೇಲೆ, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ ಬಲ್ಬು ಉರಿಸಿ, ಬಾಡಿಯನ್ನು ರಾತ್ರಿಯಿಡೀ ಅದರೊಳಗೆ ಬೆಚ್ಚಗಿಟ್ಟೆ. ಮರುದಿನ ಬಲ್ಬು ಆರಿಸಿ, ಬಾಡಿಯನ್ನು ಹೊರತೆಗೆದು, ನಿಧಾನವಾಗಿ ಆರುವ ಥಿನ್ನರನ್ನು ಅದರ ಮೇಲೆ ಮಂಜಿನಷ್ಟು ತೆಳುವಾಗಿ ಸಿಂಪಡಿಸಿದೆ. ಪದರ ಮತ್ತೆ ಮೆತ್ತಗಾಗಿ ತೇವವನ್ನು ಬಿಟ್ಟುಕೊಟ್ಟಿತು, ಮಬ್ಬು ಕಣ್ಣೆದುರೇ ಕರಗಿತು.

ಬಂಪರಿಗೂ ಹೆಡ್‌ಲೈಟಿನ ಉಂಗುರಗಳಿಗೂ ಹಿಂಬದಿಯಲ್ಲಿ ಅಂಟು ಇರುವ ತೆಳು ಅಲ್ಯೂಮಿನಿಯಂ ಹಾಳೆಯನ್ನು ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಲು ಎರಡು ಸಂಜೆಗಳು ಹಿಡಿದವು. ಚಕ್ರದ ಕಮಾನುಗಳಿಗೆ ಮಾತ್ರ, ಕಾರನ್ನು ಮಿರಮಿರ ಮಿಂಚಿಸುವವರಿಗೆ ಹಿಡಿಸದಿದ್ದರೂ, ತೋಟದ ಕೆಂಪು ಮಣ್ಣಿನ ಬಣ್ಣ ಬಳಿದೆ. ಅಜ್ಜನ ಕಾರನ್ನು ಕೆಸರಿಲ್ಲದೆ ಕಂಡ ನೆನಪು ನನಗಿಲ್ಲ. ಕೊನೆಯ ಪಾಲಿಷನ್ನು ಡಿಸೆಂಬರಿಗೆ, ಕಣದಲ್ಲಿ ಕಾಫಿ ಒಣಗುವ ಬಿಸಿಲಿಗೆ ಉಳಿಸಿಕೊಂಡಿದ್ದೇನೆ.