ಏಡಿಕಾಲಿನ ಬೆಳ್ಳಕ್ಕಿ

ಕಾರವಾರದ ಬೈತಖೋಲ ಬಂದರಿನ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದು ದಿನದ ಚಿತ್ರಕಥಾ ಶಿಬಿರ ನಡೆಸಿಕೊಡುವಂತೆ ಕಳೆದ ಬೇಸಿಗೆಯಲ್ಲಿ ನನ್ನನ್ನು ಕರೆದಿದ್ದರು. ಮಕ್ಕಳಿಗೆ ತೋರಿಸಲೆಂದು ಸುಕುಮಾರ ರಾಯರ ಚಿತ್ರಗಳನ್ನು ದೊಡ್ಡ ಹಾಳೆಗಳಲ್ಲಿ ಮುದ್ರಿಸಿಕೊಂಡು ಹೋಗಿದ್ದೆ. ಟ್ಯಾಗೋರರ ಹೆಸರಿನ ಕಡಲತೀರವಿರುವ ಈ ಊರಿನಲ್ಲಿಯೂ ಬಂಗಾಳದ ಈ ಇನ್ನೊಬ್ಬ ಲೇಖಕರನ್ನು ಸತ್ಯಜಿತ್ ರಾಯರ ತಂದೆಯೆಂದು ಪರಿಚಯಿಸಬೇಕಾಗಿ ಬರುವುದು ನನಗೆ ಯಾವಾಗಲೂ ಬೇಸರದ ಸಂಗತಿ.

ರಾಯರು ಪದ್ಯಗಳನ್ನು ಬರೆದು ಅವುಗಳಿಗೆ ತಾವೇ ಚಿತ್ರ ಬಿಡಿಸಿದವರು. ‘ಆಬೋಲ್ ತಾಬೋಲ್’ ಸಂಕಲನದ ಒಂದು ಪದ್ಯದಲ್ಲಿ ಬಾತುಕೋಳಿಯೂ ಮುಳ್ಳುಹಂದಿಯೂ ಒಂದೇ ದೇಹದಲ್ಲಿ ಬೆಸೆದುಕೊಂಡಿವೆ; ಆನೆ ಮತ್ತು ತಿಮಿಂಗಿಲಗಳಿಗೂ ಅದೇ ಗತಿ ಬಂದಿದೆ. ಆ ಹಾಳೆಗಳನ್ನು ಗೋಡೆಗೆ ಅಂಟಿಸುತ್ತಿದ್ದಂತೆಯೇ ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ಚಿತ್ರದೊಳಗಿನ ಪ್ರಾಣಿಗಳು ತಮಗೆ ಏನೂ ಆಗಿಲ್ಲವೆಂಬಂತೆ ನೆಮ್ಮದಿಯಿಂದಿವೆ, ನಮ್ಮ ನಗುವೆಲ್ಲ ಹುಟ್ಟುವುದು ಆ ನೆಮ್ಮದಿಯಿಂದಲೇ ಎಂದು ನಾನು ನಂಬಿದ್ದೇನೆ.

ನಿಮ್ಮ ಕಡಲಿನ ಎರಡು ಜೀವಿಗಳನ್ನು ಹೀಗೆಯೇ ಸೇರಿಸಿ ಎಂದಾಗ ಹೆಚ್ಚಿನವರು ಬಂಗಡೆಗೆ ರೆಕ್ಕೆ ಹಚ್ಚಿದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಬೆಳ್ಳಕ್ಕಿಯ ಕತ್ತಿನ ಕೆಳಗೆ ಏಡಿಯ ಚಿಪ್ಪನ್ನು ಬಿಡಿಸಿ, ಹಸಿದ ಕೊಕ್ಕು ತನ್ನದೇ ಕಾಲಿನತ್ತ ಬಾಗಿರುವಂತೆಯೂ, ಕೊಂಡಿಯೊಂದು ಆ ಕೊಕ್ಕನ್ನು ಬಿಗಿಯಾಗಿ ಹಿಡಿದಿರುವಂತೆಯೂ ತೋರಿಸಿದಳು. ತಿನ್ನುವುದನ್ನೂ ತಿನ್ನಿಸಿಕೊಳ್ಳುವುದನ್ನೂ ಒಂದೇ ದೇಹದಲ್ಲಿಟ್ಟ ಆ ಕಲ್ಪನೆಗೆ ನಾನು ಬೆರಗಾದೆ. ಪಕ್ಕದ ಹುಡುಗ ಕಾಲುಗಳನ್ನು ಎಣಿಸಿ, “ಎಂಟು ಕಾಲು, ಎರಡು ಕೊಂಡಿ ಇರಬೇಕು, ನೀನು ಆರೇ ಕಾಲು ಹಾಕಿದ್ದೀ” ಎಂದ. ಇಲ್ಲದ ಪ್ರಾಣಿಗೆ ಲೆಕ್ಕವೇಕೆ ಎಂದು ಅವಳು ವಾದಿಸಲಿಲ್ಲ. ರಬ್ಬರಿನಿಂದ ಉಜ್ಜಿ, ಚಿಪ್ಪಿನ ಎರಡೂ ಬದಿಗೆ ನಾಲ್ಕು ನಾಲ್ಕು ಕಾಲುಗಳನ್ನು ಗಂಟುಗಂಟಾಗಿ ಬಿಡಿಸಿದಳು. ಅದುವರೆಗೆ ಗೀಚಿದಂತಿದ್ದ ಚಿತ್ರ ಆಗ ನಿಜಕ್ಕೂ ನಗು ತರಿಸಿತು.

ಮಧ್ಯಾಹ್ನದ ಊಟದ ನಂತರ ಅವರಿಗೆ ರಾಯರ ಬದುಕನ್ನು ಹೇಳಿದೆ. ಇಂಗ್ಲೆಂಡಿಗೆ ಹೋಗಿ ಮುದ್ರಣ ತಂತ್ರಜ್ಞಾನವನ್ನು ಕಲಿತು ಬಂದ ಅವರು, ತಂದೆ ಉಪೇಂದ್ರಕಿಶೋರರು 1913ರಲ್ಲಿ ಆರಂಭಿಸಿದ ‘ಸಂದೇಶ್’ ಮಕ್ಕಳ ಪತ್ರಿಕೆಯನ್ನು ಮುಂದುವರಿಸಿದರು. ಕಾಲಾ ಅಜಾರ್ ಜ್ವರ ಅವರನ್ನು ಹಾಸಿಗೆ ಹಿಡಿಸಿದಾಗಲೂ ‘ಆಬೋಲ್ ತಾಬೋಲ್’ನ ಪುಟಗಳನ್ನು ಸಿದ್ಧಪಡಿಸುತ್ತಲೇ ಇದ್ದ ಅವರು 1923ರ ಸೆಪ್ಟೆಂಬರ್ 10ರಂದು, 35ರ ವಯಸ್ಸಿನಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು ಅದಾದ ಒಂಬತ್ತು ದಿನಗಳಿಗೆ. ಸಾಯುವವನು ನಗುವಿನ ಚಿತ್ರ ಹೇಗೆ ಬರೆದ ಎಂದು ಒಬ್ಬ ಕೇಳಿದ. ಮಕ್ಕಳ ನಗು ಅವರ ಪಾಲಿಗೆ ಬಿಡುವಿನ ವೇಳೆಯ ಹವ್ಯಾಸವಾಗಿರಲಿಲ್ಲ, ಕೊನೆಯವರೆಗೆ ಶ್ರದ್ಧೆಯಿಂದ ಮಾಡಿದ ಕೆಲಸವಾಗಿತ್ತು ಎಂದೆ. ಇಂದಿಗೂ ನನ್ನ ಬಳಿ ಇರುವ ಉತ್ತರ ಅದೇ.

ಮುಂದಿನ ಶಿಬಿರದಲ್ಲಿ ಪೆನ್ಸಿಲ್ ಹಿಡಿಯುವ ಮೊದಲು ಮಕ್ಕಳನ್ನು ಬೆಳಿಗ್ಗೆಯೇ ಬಂದರಿಗೆ ಕರೆದೊಯ್ದು, ಬಲೆಯಿಂದ ಬಿಡಿಸುವ ಏಡಿ, ಮೀನುಗಳನ್ನು ಹತ್ತಿರದಿಂದ ನೋಡಿಸಬೇಕೆಂದು ಶಿಕ್ಷಕಿಯೊಡನೆ ಮಾತಾಡಿಕೊಂಡು ಹೊರಟೆ.