ಕರಿಯನ ಪಾದಗಳು

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಮೇಲೆ ರಾಯಚೂರಿನ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನಕ್ಕೆ ಗುರಿಯಾದವನು ನಮ್ಮ ನಾಯಿ ಕರಿಯ. ಹೊರಗೆ ಅಡ್ಡಾಡಿ ಬಂದ ಅವನ ಪಾದಗಳಿಗೆ ಸ್ಯಾನಿಟೈಸರ್ ಹಚ್ಚಲು ಹೋದಾಗ ಅವ್ವ ತಡೆದು, "ಅದು ಕಾಲು ನೆಕ್ಕೋದಿಲ್ಲೇನು? ಹೊಟ್ಟಿಗೆ ಹೋದ್ರ ಏನು ಗತಿ?" ಎಂದಳು. ಅವಳ ಮಾತು ನಿಜ. ಆಲ್ಕೋಹಾಲ್ ಆಗಲಿ, ಬ್ಲೀಚಿಂಗ್ ಪೌಡರಿನ ನೀರಾಗಲಿ ನಾಯಿಯ ಚರ್ಮಕ್ಕೂ ಹೊಟ್ಟೆಗೂ ಅಪಾಯಕಾರಿ. ಅಂದಿನಿಂದ ಬಚ್ಚಲ ಬಾಗಿಲಲ್ಲಿ ಅವನ ಬೆರಳ ಸಂದಿಗಳಲ್ಲಿ ಅಂಟಿದ ಕರಿಮಣ್ಣನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಬಳಿಕ ನನ್ನ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳುವುದು ರೂಢಿಯಾಯಿತು. ಕೊರೊನಾ ಹರಡುತ್ತಿದ್ದದ್ದು ಮುಖ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ. ಆದರೂ ಭಯದಿಂದ ಸಾಕಿದ ನಾಯಿಗಳನ್ನು ಬೀದಿಗೆ ಬಿಟ್ಟವರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕರಿಯನಿಗೆ ಈಗ ವಯಸ್ಸಾಗಿದೆ. ಬಚ್ಚಲ ಮುಂದೆ ತಾನೇ ನಿಂತು ಮುಂಗಾಲು ಎತ್ತಿ ಕೊಡುತ್ತಾನೆ.